ಮಣಿ ಆರಿಸಿ ತಂದ ರೂಟರ್

ಅವತ್ತು ಪಿನ್ನು ಕಿತ್ತವನು ನಾನೇ ಅಂತ ನನ್ನ ತಂಗಿಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ಗಳಿಗೆಯಲ್ಲೇ ಹೇಳಿದ್ದರೆ ಒಂದು ಬೈಗುಳದಲ್ಲಿ ಮುಗಿಯುತ್ತಿತ್ತು. ಮಾರನೆಯ ದಿನ ಹೇಳಿದ್ದರೆ ಒಂದಷ್ಟು ದಿನ ಮುನಿಸು, ಅಷ್ಟೇ. ದಿನ ಕಳೆದಂತೆ ಹೇಳುವುದು ಇನ್ನೂ ಕಷ್ಟವಾಯಿತು. ಆಮೇಲೆ ಎಷ್ಟೋ ಮಳೆಗಾಲ ಬಂದುಹೋದವು.

ಹೋದ ವಾರ ಅವಳೇ ಹನೂರಿನಿಂದ ನನ್ನ ಹೆಂಡತಿ ಜಯಳಿಗೆ ವಿಡಿಯೋ ಕಾಲ್ ಮಾಡಿದ್ದಳು. ನನ್ನ ತಂಗಿ ನಾಗಮಣಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಅವಳ ಮಾತೆಲ್ಲ ಕೈಯಲ್ಲಿ. ಜಯ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟುಕೊಂಡು, ಹಿಟ್ಟು ಮೆತ್ತಿದ ಕೈಯಲ್ಲೇ ಮಾತಾಡಿ ಮುಗಿಸಿ, ನನ್ನ ಕಡೆ ತಿರುಗಿದಳು.

"ಆವಾಗ ಕರ್ದಿದ್ರಲ್ಲ ಪಾಠ ಮಾಡಕ್ಕೆ, ಅವ್ರೇ ಮತ್ತೆ ಕರ್ದವ್ರಂತೆ. ಮಣಿ ರೂಮ್ಗೆ ಲೈನ್ ಎಳ್ಸವ್ಳೆ. ಒಳ್ಳೇದೊಂದು ರೂಟರು ಕೊಳ್ಳೇಗಾಲದಿಂದ ನೀವೇ ನೋಡಿ ತಕಂಬರ್ಬೇಕಂತೆ."

"ನಂಗೇನ್ ಗೊತ್ತದೆ ಅದ್ರಲ್ಲಿ? ಅವ್ಳೇ ಆರಿಸ್ಕಳ್ಳಿ."

"ಅವ್ಳು ಆರಿಸಿದ್ದು ಸರಿಬರಲ್ವಂತೆ. ಆವತ್ತು ನಾನ್ ಆರ್ಸಿ ಕೆಟ್ಟೆ, ಈ ಸಲ ಅಣ್ಣನ್ ಕೈಲೇ ಆರ್ಸು ಅಂತವ್ಳೆ."

ತಟ್ಟೆಯಲ್ಲಿ ಮುದ್ದೆ ಇತ್ತು. ಎದ್ದು ಕೈ ತೊಳೆದುಕೊಂಡೆ. ಹಟ್ಟಿಯ ಹತ್ತಿರ ಹೋದೆ, ಕೆಲಸವಿರಲಿಲ್ಲ, ವಾಪಸ್ಸು ಬಂದೆ. ಜಯ ಕೇಳಿದಳು, "ಯಾಕೆ, ಉಪ್ಪು ಜಾಸ್ತಿ ಆಯ್ತಾ?" ಹೌದು ಅಂದೆ. ಮುದ್ದೆಗೂ ಸಾರಿಗೂ ಇಲ್ಲದ ದೂರು ಹೇಳಿ ಮಲಗಿದೆ.

ಬೆಳಗ್ಗೆ ನಮ್ಮೂರು ಅಗರದಿಂದ ಕೊಳ್ಳೇಗಾಲದ ಬಸ್ಸು ಹತ್ತಿದೆ. ಸೀಟಿದ್ದರೂ ಕೂರಲಾಗಲಿಲ್ಲ. ಯಾರೋ ರೇಷ್ಮೆಗೂಡಿನ ಚೀಲವನ್ನು ಸೀಟಿನ ಕೆಳಗೆ ತುರುಕಿದ್ದರು. ಮಳೆಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹಸಿಗೂಡಿನ ವಾಸನೆ ಬಸ್ಸಿನ ತುಂಬ. ಹುಳ ಸಾಕುವವನಿಗೆ ಅದು ಬೆಳೆ ಕೈಗೆ ಬಂದ ವಾಸನೆ. ನಾನು ಮಾತ್ರ ಅವತ್ತು ಟವೆಲ್ಲನ್ನು ಮೂಗಿಗೆ ಹಿಡಿದೆ. ನಾನು ಪಿನ್ನು ಕಿತ್ತ ಆ ಮಳೆಗಾಲ ಪೂರ್ತಿ ನಮ್ಮ ಮನೆಯಲ್ಲಿ ಇದೇ ವಾಸನೆ ಇತ್ತು. ಇಲ್ಲ, ಇದಲ್ಲ. ಇದು ಗೂಡಿನದು. ಆಗ ಇದ್ದದ್ದು ಕೊಳೆತ ಹುಳದ್ದು.

ಆ ಮಳೆಗಾಲದ ಶುರುವಿನಲ್ಲಿ ಮಣಿ ಮೈಸೂರಿನಿಂದ ಮನೆಗೆ ಬಂದಿದ್ದಳು. ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಓದಿ, ಅಲ್ಲೇ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಪ್ರೆಸ್ಸು ಮುಚ್ಚಿತು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅವಳು ಹಾಸ್ಟೆಲ್ಲಿಗೆ ಹೋದ ವರ್ಷ ನಾನು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದೆ. ಹೀಗೆ ನಮ್ಮ ಮನೆಯಲ್ಲಿ ಓದಿದವಳು ಅವಳು, ಬಾಯಿ ಇದ್ದವನು ನಾನು.

ಅವಳ ಕೈಮಾತನ್ನು ನಾನು ಕಲಿಯಲೇ ಇಲ್ಲ. ಚಿಕ್ಕಂದಿನಲ್ಲಿ ನಾವಿಬ್ಬರೇ ಕಟ್ಟಿಕೊಂಡಿದ್ದ ಒಂದಷ್ಟು ಸನ್ನೆಗಳಿದ್ದವು. ಊಟ, ನೀರು, ಹಸು, ಬಾ, ಅವ್ವ ಬೈತಾಳೆ, ಓಡು. ಅಷ್ಟರಲ್ಲೇ ಕಾಲ ಹಾಕಿದೆ. ಜಯ ಮದುವೆಯಾಗಿ ಬಂದ ಮೇಲೆ, ಮಣಿ ರಜಕ್ಕೆ ಬಂದಾಗಲೆಲ್ಲ ಪಕ್ಕ ಕೂತು ಪೂರ್ತಿ ಕಲಿತಳು. ಅವರಿಬ್ಬರೂ ಕೈಯಾಡಿಸಿಕೊಂಡು ನಗುವಾಗ ನನ್ನ ಬಗ್ಗೆಯೇ ಇರಬೇಕು ಅಂತ ನನಗೆ ಅನುಮಾನ. ಹಲವು ಸಲ ಅದು ನಿಜವೂ ಆಗಿತ್ತು.

ಬಂದ ಸ್ವಲ್ಪ ದಿನಕ್ಕೆ ಮಣಿಗೆ ಒಂದು ಸಂಸ್ಥೆಯಿಂದ ಕರೆ ಬಂತು. ಹಳ್ಳಿಗಳಲ್ಲಿ ಶಾಲೆ ಸಿಗದೆ ಕೂತಿರುವ ಕಿವಿ ಕೇಳಿಸದ ಮಕ್ಕಳಿಗೆ ಅವರು ವಿಡಿಯೋದಲ್ಲಿ ಕೈಮಾತು ಕಲಿಸುತ್ತಾರೆ. ಮನೆಯಲ್ಲೇ ಕೂತು ಪಾಠ ಮಾಡಬಹುದು. ಮೊದಲು ಒಂದು ಪಾಠ ಮಾಡಿ ತೋರಿಸಬೇಕು. ಒಪ್ಪಿಗೆಯಾದರೆ ಕೆಲಸ.

ಕೇಬಲ್ಲಿನವನು ಇಂಟರ್ನೆಟ್ ಲೈನಿನ ಜೊತೆ ಬಿಟ್ಟಿ ಕೊಟ್ಟಿದ್ದ ರೂಟರಿನ ಡಬ್ಬ ಒಂದಿತ್ತು. ಅಡಿಗೆಮನೆ ದಾಟಿದರೆ ಚಿತ್ರ ನಿಂತುಬಿಡುತ್ತಿತ್ತು. ಅದೇ ಸಾಕಲ್ಲ ಅಂದೆ. ಮಣಿ ಬಡಬಡ ಕೈಯಾಡಿಸಿದಳು. ಜಯ ಬಾಯಿಬಿಟ್ಟು ಹೇಳಿದಳು.

"ನೀವು ಮಾತಾಡ್ವಾಗ ಚಿತ್ರ ನಿಂತ್ರೂ ದನಿ ಬತ್ತದೆ. ನಂಗೆ ಚಿತ್ರ ನಿಂತ್ರೆ ಬಾಯಿಗೆ ಬಟ್ಟೆ ತುರುಕ್ದಂಗೆ, ಅಂತವ್ಳೆ. ಮಕ್ಕಳೂ ಅಂಗೇ ಅಲ್ವಾ?"

ಮಣಿ ಫೋನು ಹಿಡಿದು ಮನೆಯೆಲ್ಲ ಓಡಾಡಿದಳು. ಮುಂದಿನ ಗೋಡೆ ಇಟ್ಟಿಗೆಯದು, ನಡುವಿನದು ಹಳೇ ಮಣ್ಣಿನ ದಪ್ಪ ಗೋಡೆ, ಹಿಂದೆ ರೇಷ್ಮೆಹುಳ ಸಾಕುವ ಹುಳಿನ ಮನೆ. ಹುಳಿನ ಮನೆಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲೇ ಅವಳು ಪಾಠ ಮಾಡಬೇಕು. ಬೆಳಕು ಮುಖದ ಮೇಲೆ ಬೀಳುವುದು ಅಲ್ಲಿ ಮಾತ್ರ. ಯಾವ ಗೋಡೆ ಎಷ್ಟು ತಡೆಯುತ್ತದೆ, ಎಲ್ಲಿ ನಿಂತರೆ ಚಿತ್ರ ಸಾಯುತ್ತದೆ, ಎಲ್ಲ ನೋಡಿಕೊಂಡ ಮೇಲೆ ಕೊಳ್ಳೇಗಾಲಕ್ಕೆ ಹೊರಡು ಅಂದಳು.

ಬಸ್ ಸ್ಟ್ಯಾಂಡಿನ ಹಿಂದಿನ ಅಂಗಡಿ. ಅಂಗಡಿಯವನು ಡಬ್ಬಗಳನ್ನು ಸಾಲಾಗಿಟ್ಟು ನನ್ನ ಮುಖ ನೋಡಿಕೊಂಡೇ ಮಾತಾಡಿದ.

"ಇದ್ ನೋಡಣ್ಣ, ಆರು ಕೊಂಬು. ಇಡೀ ಬೀದಿಗೆ ಸಿಗ್ನಲ್ ಕೊಡ್ತದೆ. ಇದು ಬರೀ ಎರಡು ಕೊಂಬು, ಸಾದಾ."

ನನಗೆ ಆರು ಕೊಂಬಿನದೇ ಹಿಡಿಸಿತು. ಕಾಲು ಮೇಲೆ ಮಾಡಿ ಬಿದ್ದ ಜೇಡದ ಹಾಗಿತ್ತು. ಮನೆಗೆ ಬಂದವರು ಏನದು ಅಂತ ಕೇಳುವ ಹಾಗಿರಬೇಕಲ್ಲ. ಮಣಿ ಫೋನಿನಲ್ಲಿ ಏನೋ ಬರೆದು ನನ್ನ ಕಣ್ಣ ಮುಂದೆ ಹಿಡಿದಳು. ಅಕ್ಷರ ಕೂಡಿಸಿಕೊಂಡು ಓದಿ ಅಂಗಡಿಯವನಿಗೆ ಹೇಳಿದೆ.

"ಕೊಂಬು ಎಷ್ಟಾರ ಇರ್ಲಿ, ಒಳ್ಗೆ ಎರಡು ತರದ ಅಲೆ ಅವಾ ಅಂತ ಕೇಳ್ತಾವ್ಳೆ. ಒಂದು ಗೋಡೆ ದಾಟಾದು, ಒಂದು ಹತ್ರದಲ್ಲೇ ಜೋರಾಗಿ ಓಡಾದು."

"ಎರಡ್ರಲ್ಲೂ ಅದೆ."

"ಅಂಗಾದ್ರೆ ಹಚ್ಕೊಡ್ಬೇಕಂತೆ. ಆಚೆ ಗೋಡೆ ಹಿಂದ್ಕೆ ಓಗಿ ನೋಡ್ತಾಳಂತೆ."

"ಎಲ್ರೂ ಡಬ್ಬ ನೋಡಿ ತಕಂಡೋಯ್ತರೆ ಕಣಣ್ಣ. ಗೋಡೆ ಹಿಂದ್ಕೆ ಯಾರ್ ಓಯ್ತರೆ?"

ಮಣಿ ಹೋದಳು. ಮೈಸೂರಿನ ಗೆಳತಿಗೆ ವಿಡಿಯೋ ಕಾಲ್ ಹಚ್ಚಿ, ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಮಾತು, ಅಂಗಡಿಯಿಂದ ಗೋಡೌನಿಗೆ, ಗೋಡೌನಿನಿಂದ ಪಕ್ಕದ ಟೀ ಅಂಗಡಿಯ ಹಿಂದಕ್ಕೆ. ಟೀ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಎದ್ದು ನೋಡಿದರು. ಆರು ಕೊಂಬಿನದು ಗೋಡೌನಿನ ಗೋಡೆ ಹಿಂದೆ ಚಿತ್ರ ನಿಲ್ಲಿಸಿತು. ಎರಡು ಕೊಂಬಿನದು ನಿಧಾನವಾಯಿತೇ ಹೊರತು ನಿಲ್ಲಿಸಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ. ಎರಡನ್ನೂ ಅದಲುಬದಲು ಮಾಡಿಸಿ ಮತ್ತೆ ನಡೆದಳು. ಫಲ ಅದೇ ಬಂತು.

"ನಿಮ್ ತಂಗಿ ಗಂಡು ನೋಡಕ್ ಬಂದಂಗ್ ನೋಡ್ತಾವ್ರೆ," ಅಂದ ಅಂಗಡಿಯವನು.

ಮಣಿ ಅವನ ತುಟಿ ನೋಡುತ್ತಿದ್ದಳು. ಟಕಟಕ ಬರೆದು ನನಗೆ ಕೊಟ್ಟಳು. ನಾನು ಗಟ್ಟಿಯಾಗಿ ಓದಿದೆ. "ಗಂಡಾದ್ರೆ ಇಷ್ಟು ನೋಡ್ಬೇಕಾಗಿಲ್ಲ. ಆಗಾಗ ಕೈಕೊಟ್ರೂ ಸಂಸಾರ ನಡೀತದೆ."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಆಮೇಲೆ ಅಂಗಡಿಯವನು ಅವಳ ಮುಖ ನೋಡಿ ಮಾತಾಡಿದ. ಕರೆಂಟು ಹೋದರೆ ಏನು ಗತಿ ಅಂತ ಕೇಳಿದ್ದಕ್ಕೆ, ರೂಟರಿಗೆ ಸರಿಹೊಂದುವ ಒಂದು ಸಣ್ಣ ಬ್ಯಾಟರಿ ಡಬ್ಬ ತಂದು ಜೋಡಿಸಿ, ಗೋಡೆಯ ಪಿನ್ನು ಕಿತ್ತು ತೋರಿಸಿದ. ರೂಟರಿನ ದೀಪ ಕಣ್ಣು ಮಿಟುಕಿಸಲಿಲ್ಲ. ಮಣಿ ಚಪ್ಪಾಳೆ ತಟ್ಟಿದಳು. ಇನ್ನೊಂದು ಸಲ ಕೀಳು ಅಂದಳು. ಅವನು ಕಿತ್ತ. ದೀಪ ಉರಿಯುತ್ತಲೇ ಇತ್ತು.

ಎರಡು ಕೊಂಬಿನದನ್ನೂ ಬ್ಯಾಟರಿ ಡಬ್ಬವನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಮಳೆಯಲ್ಲಿ ಮನೆಗೆ ತಂದಳು. ಕಬ್ಬಿಣದ ಬೀರುವಿನ ಒಳಗೆ ಬೇಡ, ಟಿವಿ ಹಿಂದೆ ಬೇಡ, ನೆಲದಲ್ಲಿ ಬೇಡ. ಮನೆಯ ನಡುವೆ, ಎತ್ತರದಲ್ಲಿ, ಸುತ್ತ ಏನೂ ಅಡ್ಡ ಇಲ್ಲದೆ ಇರಬೇಕು. ಅಂಥ ಜಾಗ ಒಂದೇ ಇತ್ತು. ಅಡಿಗೆಮನೆಗೂ ಹುಳಿನ ಮನೆಗೂ ನಡುವಿನ ಗೋಡೆಯ ಮೇಲುಗಡೆ, ಹುಳಿನ ಮನೆಯ ಬದಿಗೆ. ಮೊಳೆ ಹೊಡೆದವನು ನಾನೇ.

ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳ ರಾಕ್ಷಸನ ಹಾಗೆ ತಿನ್ನುತ್ತದೆ, ಗೂಡು ಕಟ್ಟುವವರೆಗೆ. ಆ ದಿನಗಳಲ್ಲಿ ಹುಳಿನ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು, ಹೊಸ್ತಿಲಲ್ಲಿ ಸುಣ್ಣದ ಪುಡಿ. ಊದುಬತ್ತಿ ಹಚ್ಚಬಾರದು, ಮೆಣಸಿನಕಾಯಿ ಹುರಿಯಬಾರದು, ಘಮ್ಮೆನ್ನುವುದು ಏನೂ ಹತ್ತಿರ ಬರಬಾರದು. ಮಣಿ ಪೌಡರಿನ ಡಬ್ಬವನ್ನು ಪೆಟ್ಟಿಗೆಯ ತಳಕ್ಕೆ ಹಾಕಿದಳು. ತಲೆಗೆ ಹಾಕುವ ಮಲ್ಲಿಗೆ ಎಣ್ಣೆ ಬಿಟ್ಟಳು. ಹೂವನ್ನೂ ಬಿಟ್ಟಳು. ಯಾರೂ ಹೇಳಿರಲಿಲ್ಲ.

ಮಳೆ ಬಿಡಲೇ ಇಲ್ಲ. ಕೊಯ್ದ ಸೊಪ್ಪನ್ನು ನೆರಳಲ್ಲಿ ಹರವಿ, ನೀರು ಆರಿಸಿಕೊಂಡು ಹುಳಕ್ಕೆ ಹಾಕಬೇಕು. ಹುಳ ಹಸಿದು ತಲೆ ಎತ್ತುತ್ತಿದ್ದವು, ನನಗೆ ತಾಳ್ಮೆ ಇರಲಿಲ್ಲ. ಒದ್ದೆ ಸೊಪ್ಪನ್ನೇ ಒದರಿ ಒದರಿ ಹಾಕಿದೆ. ಒಂದು ಮೂಲೆಯ ಹುಳ ಮಂಕಾದವು. ಮುಟ್ಟಿದರೆ ಮೆತ್ತಗೆ.

ಪಕ್ಕದ ಮನೆ ಬಸಪ್ಪ ಬಾಗಿಲಾಚೆ ನಿಂತು ಗೋಡೆ ಮೇಲಿನ ದೀಪ ನೋಡಿದ. ಅವನದೂ ಹಿಂದಿನ ಬೆಳೆ ಹೋಗಿತ್ತು.

"ಲೇ ಮಾದೇವ, ಇದೇನ್ಲಾ ಉಳದ್ ನೆತ್ತಿ ಮ್ಯಾಲೇ ಕೂರ್ಸಿದ್ದೀಯೆ?"

"ಮಣಿ ಪಾಠಕ್ಕೆ ಕಣ ಬಸಪ್ಪಣ್ಣ."

"ಪಟ್ಣದಲ್ಲಿ ಗುಬ್ಬಿ ಎಲ್ಲಾ ಎಲ್ಲಿಗ್ ಓದ್ವು ಅನ್ಕಂಡಿದ್ದೀಯೆ? ಇದ್ರ ಅಲೆಗೇ ಸತ್ತೋದ್ವು. ರೆಕ್ಕೆ ಇರೋ ಗುಬ್ಬಿನೇ ತಡೀಲಿಲ್ಲ, ನಿನ್ ಉಳ ತಡೀತದಾ?"

ನಕ್ಕು ಕಳಿಸಿದೆ. ಮಾತು ಮಾತ್ರ ಒಳಗೇ ಉಳಿಯಿತು. ಹುಳದ ತಟ್ಟೆ ಎಳೆದಾಗಲೆಲ್ಲ ಕಣ್ಣು ಮೇಲಕ್ಕೆ ಹೋಗುತ್ತಿತ್ತು. ದೀಪ ಉರಿಯುತ್ತಿತ್ತು. ಒದ್ದೆ ಸೊಪ್ಪು ಅಂದುಕೊಂಡರೆ ತಪ್ಪು ನನ್ನದಾಗುತ್ತಿತ್ತು. ಅಲೆ ಅಂದುಕೊಂಡರೆ ನನ್ನದಲ್ಲ.

ಮಣಿಯ ಪಾಠದ ದಿನ ಬೆಳಗ್ಗೆ ಜಯ ಅವಳಿಗೆ ಒಂದೇ ಬಣ್ಣದ ರವಿಕೆ ಹಾಕಿಸಿದಳು. ಹೂವಿನ ಚಿತ್ರವಿದ್ದರೆ ಕೈ ಸರಿಯಾಗಿ ಕಾಣುವುದಿಲ್ಲವಂತೆ. ಆಮೇಲೆ ಜಯ ಸೊಪ್ಪಿಗೆ ಹೊಲಕ್ಕೆ ಹೋದಳು. ಮಣಿ ನನ್ನ ಹತ್ತಿರ ಬಂದು, ಅಂಗೈ ತೋರಿಸಿ, ನನ್ನ ಮುಖ ನೋಡಿ, ಒಳಗೆ ಹೋದಳು. ಹರಸು ಅಂತ ಕೇಳಿದಳೋ, ಕೈ ಸರಿಯಾಗಿ ಕಾಣುತ್ತದಾ ಅಂದಳೋ, ನನಗೆ ಗೊತ್ತಾಗಲಿಲ್ಲ.

ನಾನು ಹುಳಿನ ಮನೆಯಲ್ಲಿದ್ದೆ. ಅವಳ ಪಾಠಕ್ಕೆ ಸದ್ದಿಲ್ಲ. ಬಾಗಿಲಿನ ಆಚೆಯಿಂದ ಗಾಜಿನ ಬಳೆ ಮಾತ್ರ ಕೇಳುತ್ತಿತ್ತು. ನಿಂತು, ಓಡಿ, ಮತ್ತೆ ನಿಂತು. ತಟ್ಟೆ ಎಳೆದೆ. ಮಂಕಾಗಿದ್ದ ಮೂಲೆಯ ಹುಳ ಸತ್ತು ಕಪ್ಪಾಗಿದ್ದವು, ಅದು ಪಕ್ಕದ ತಟ್ಟೆಗೂ ಹಬ್ಬಿತ್ತು. ಕೆಳಗಿನ ತಟ್ಟೆಯಲ್ಲೂ ಇತ್ತು. ನನ್ನ ತಲೆ ಬಿಸಿಯಾಯಿತು. ಸ್ಟೂಲು ಎಳೆದುಕೊಂಡು ಹತ್ತಿದೆ. ಗೋಡೆಯ ಪಿನ್ನು ಕಿತ್ತೆ.

ದೀಪ ಉರಿಯುತ್ತಲೇ ಇತ್ತು. ಬ್ಯಾಟರಿ ಡಬ್ಬ ಹಿಡಿದುಕೊಂಡಿತ್ತು. ಬಳೆಯ ಸದ್ದು ನಿಲ್ಲಲಿಲ್ಲ. ಅಲ್ಲಿಗೆ ಇಳಿಯಬಹುದಿತ್ತು. ಇಳಿಯಲಿಲ್ಲ. ರೂಟರಿನ ಬೆನ್ನಿಗೆ ಕೈ ಹಾಕಿ ಎರಡನೇ ಪಿನ್ನನ್ನೂ ಕಿತ್ತೆ. ಒಂದೇ ಕಿತ್ತಿದ್ದರೆ ಗಾಬರಿ ಅನ್ನಬಹುದಿತ್ತು. ಎರಡನೆಯದಕ್ಕೆ ನಾನು ಹುಡುಕಾಡಿದ್ದೇನೆ.

ಬಳೆ ನಿಂತವು.

ಆ ನಿಶ್ಶಬ್ದಕ್ಕೆ ನನಗೆ ಎಚ್ಚರವಾಯಿತು. ಎರಡೂ ಪಿನ್ನು ತಡವರಿಸಿ ತುರುಕಿ ಸ್ಟೂಲಿನಿಂದ ಹಾರಿದೆ. ಮಣಿ ಬಾಗಿಲು ತೆಗೆದು ಬಂದಳು. ರೂಟರಿನ ದೀಪಗಳು ಹೊಸದಾಗಿ ಏಳುತ್ತಾ ಮಿಟುಕುತ್ತಿದ್ದವು. ಅವಳು ಅದನ್ನು ನೋಡಿದಳು. ಕರೆಂಟು ಹೋಯಿತಾ, ನೀನೇನಾದರೂ ಮುಟ್ಟಿದೆಯಾ, ಅಂತ ಕೈಯಲ್ಲಿ ಕೇಳಿದಳು. ಎರಡೂ ನನಗೆ ಅರ್ಥವಾದವು. ಎರಡಕ್ಕೂ ಇಲ್ಲ ಅಂತ ತಲೆ ಆಡಿಸಿದೆ.

ಬಾಯಲ್ಲಿ ಸುಳ್ಳು ಹೇಳಲಿಲ್ಲವಲ್ಲ ಅಂತ ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೇನೆ. ಅವಳಿಗೆ ಮಾತು ಅಂದರೆ ಅದೇ ಅಲ್ಲವೇ?

ದೀಪ ನಿಲ್ಲುವ ಹೊತ್ತಿಗೆ ಮಕ್ಕಳೆಲ್ಲ ಚದುರಿದ್ದರು. ಬೇರೆ ಯಾರನ್ನೋ ತೆಗೆದುಕೊಂಡೆವು ಅಂತ ಆಮೇಲೆ ಮೆಸೇಜು ಬಂತು. ಮಣಿ ಅಳಲಿಲ್ಲ. ರೂಟರು ಇಳಿಸಿ, ಒರೆಸಿ, ನನ್ನನ್ನು ಕರೆದುಕೊಂಡು ಅದೇ ಅಂಗಡಿಗೆ ಹೋದಳು. ಅಂಗಡಿಯವನು ಬಹಳ ಹೊತ್ತು ಹಚ್ಚಿಟ್ಟು ನೋಡಿದ. ಪಿನ್ನು ಕಿತ್ತು ನೋಡಿದ. "ಇದ್ರಲ್ಲಿ ಏನೂ ತೊಂದ್ರೆ ಇಲ್ಲ ಕಣಮ್ಮ," ಅಂದ. ಅವಳು ನನ್ನ ಕಡೆ ನೋಡಿದಳು, ನೀನಾದರೂ ಹೇಳು, ನಿಂತಿತ್ತು ತಾನೇ, ಅನ್ನುವ ಹಾಗೆ. ನಾನು ಹೌದು ಸಾ, ನಿಂತಿತ್ತು ಅಂದೆ. ಅಂಗಡಿಯವನಿಗೆ ಅವಳು ತೊಂದರೆ ಕೊಟ್ಟೆ ಅಂತ ಕೈಮುಗಿದಳು. ನನ್ನ ತಪ್ಪಿಗೆ ಅವಳು ಕೈಮುಗಿದದ್ದು ಅದು.

ಬಸಪ್ಪ ಊರೆಲ್ಲ ಹೇಳಿಕೊಂಡು ನಕ್ಕ. "ಗೋಡೆ ಹಿಂದ್ಕೆಲ್ಲ ಓಗಿ ಆರ್ಸ್ಕಂಡ್ ಬಂದ್ಳಂತೆ. ಅಣ್ಣ ಏಳ್ದಂಗೆ ಆರು ಕೊಂಬಿಂದು ತಂದಿದ್ರೆ?" ಅವಳು ಅವನ ತುಟಿ ನೋಡಿದಳು. ಫೋನು ಕೈಗೆತ್ತಿಕೊಂಡು, ಹಾಗೇ ಕೆಳಗಿಟ್ಟು ಒಳಗೆ ಹೋದಳು.

ರೂಟರು ಇಳಿಸಿ ಮೂಲೆಗೆ ಹಾಕಿದ್ದರೂ ಹುಳ ಸಾಯುವುದು ನಿಲ್ಲಲಿಲ್ಲ. ಮಣಿ ಹನೂರಿಗೆ ಹೋಗಿ ಒಂದು ಹೊಲಿಗೆ ಅಂಗಡಿ ಸೇರಿದಳು. ಮುಂದಿನ ಬೆಳೆಯ ಹೊತ್ತಿಗೆ ಜಯ, ಮಣಿಯ ಮುಖ ನೋಡಲಾದರೂ ಬೇಕು ಅಂತ ರೂಟರನ್ನು ಅದೇ ಮೊಳೆಗೆ ಹಾಕಿದಳು. ಅದರ ಕೆಳಗೆ ಹುಳ ಗುಂಡುಗುಂಡಾಗಿ ಬೆಳೆದು ಗಟ್ಟಿ ಗೂಡು ಕಟ್ಟಿದವು. ಸೊಪ್ಪಿನಲ್ಲಿ ನೀರಿರಲಿಲ್ಲ, ಅಷ್ಟೇ. ಆಗಲೂ ನಾನು ಹೇಳಲಿಲ್ಲ. ಮಣಿ ಹೊಸ ಫೋನು ಕೊಳ್ಳುವಾಗ ಜಯಳನ್ನು ಕೇಳಿದಳು. ಮಿಕ್ಸಿ ಕೊಳ್ಳುವಾಗ ಅಂಗಡಿಯವನು ಕೊಟ್ಟದ್ದನ್ನೇ ತಂದಳು. ತನಗೆ ಯಂತ್ರ ತಿಳಿಯದು ಅನ್ನುವುದು ಅವಳ ಅಭ್ಯಾಸದ ಮಾತಾಯಿತು.

ಈ ಸಲ ಒಬ್ಬನೇ ಕೊಳ್ಳೇಗಾಲದಲ್ಲಿ ಬಸ್ಸಿಳಿದು ಅದೇ ಅಂಗಡಿಗೆ ಹೋದೆ. ಅಂಗಡಿಯವನ ತಲೆ ನರೆತಿತ್ತು. ಕೊಂಬುಗಳು ಹೆಚ್ಚಾಗಿದ್ದವು.

"ಯಾವ್ದ್ ಕೊಡ್ಲಣ್ಣ?"

"ಎರಡು ತರದ್ ಅಲೆ ಇರ್ಬೇಕು. ಬ್ಯಾಟರಿ ಡಬ್ಬ ಬೇಕು. ಮೊದ್ಲು ಹಚ್ಚಿ, ಗೋಡೆ ಹಿಂದ್ಕೆ ಓಗಿ ನೋಡ್ತೀನಿ."

ಅವನು ತಲೆ ಎತ್ತಿ ನನ್ನನ್ನು ಗುರುತಿಸಿದ. "ನಿಮ್ ತಂಗಿ ಬರ್ಲಿಲ್ವಾ? ಅಂಥ ಗಿರಾಕಿ ಮತ್ತೆ ಸಿಗ್ಲೇ ಇಲ್ಲ ಕಣಣ್ಣ. ಈಗ ನಾನೂ ಗೋಡೌನ್ ಹಿಂದ್ಕೆ ಓಗಿ ನೋಡೇ ಮಾಲ್ ತರ್ಸಾದು." ಅವಳು ಆರಿಸಿದ್ದ ಕಂಪನಿಯದೇ, ಈಚೆಗಿನದು, ಎರಡೇ ಕೊಂಬಿನದನ್ನು ತೆಗೆದಿಟ್ಟ.

ಗೋಡೌನಿನ ಹಿಂದೆ ನಿಂತು ಜಯಳಿಗೆ ವಿಡಿಯೋ ಹಚ್ಚಿ, ನನಗೆ ಬರುವ ಸನ್ನೆಗಳನ್ನೆಲ್ಲ ಮಾಡಿದೆ. ಊಟ, ನೀರು, ಹಸು, ಓಡು. "ಏನಾಗದೆ ನಿಮ್ಗೆ?" ಅಂದಳು. ಕೈ ಸರಿಯಾಗಿ ಕಾಣ್ತದಾ ಅಂದೆ. "ಕಾಣ್ತದೆ. ಹಸು ಯಾಕೆ ಓಡ್ತದೆ?" ಅಂದಳು.

ಹನೂರಿನ ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲಿಟ್ಟೆ, ಕೆಳಗಿಟ್ಟೆ, ಮತ್ತೆ ತೊಡೆಯ ಮೇಲಿಟ್ಟೆ. ಕಾಮಗೆರೆಯಲ್ಲಿ ಬಸ್ಸು ನಿಂತಾಗ ಇಳಿದು ವಾಪಸ್ಸು ಹೋಗೋಣ ಅನ್ನಿಸಿತು. ಬಾಗಿಲ ತನಕ ಹೋದೆ. ಕಂಡಕ್ಟರು, "ಹನೂರು ಇನ್ನೂ ಐತೆ, ಕೂತ್ಕಳಿ ಯಜಮಾನ್ರೆ," ಅಂದ.

ಮಣಿಯ ಕೋಣೆಯಲ್ಲಿ ಒಂದು ಹೊಲಿಗೆ ಯಂತ್ರ, ಒಂದು ಕುರ್ಚಿ, ಬೆಳಕು ಬೀಳುವ ಒಂದು ಕಿಟಕಿ. ಡಬ್ಬ ಬಿಚ್ಚಿದಳು. ಎರಡು ಕೊಂಬು ಕಂಡದ್ದೇ ಅವಳ ಮುಖದ ನಗು ಇಳಿಯಿತು. ಬೆರಳಲ್ಲಿ ಅದನ್ನು ತೋರಿಸಿ, ಅಂಗೈ ಮಗುಚಿ, ಬೇಡ ಅಂತ ತಲೆ ಆಡಿಸಿದಳು. ಇದೇ ತಾನೇ ಅವತ್ತು ಸತ್ತದ್ದು?

ಜಯ ಪಕ್ಕದಲ್ಲಿರಲಿಲ್ಲ. ಇದ್ದದ್ದು ನನ್ನ ಕೈಯೇ. ರೂಟರನ್ನೂ ಬ್ಯಾಟರಿ ಡಬ್ಬವನ್ನೂ ಕುರ್ಚಿಯ ಮೇಲೆ ಜೋಡಿಸಿದೆ. ನನ್ನ ಎದೆ ಮುಟ್ಟಿಕೊಂಡೆ. ಗೋಡೆಯ ಪಿನ್ನು ಕಿತ್ತೆ. ದೀಪ ಉರಿಯುತ್ತಿತ್ತು. ಮತ್ತೆ ಎದೆ ಮುಟ್ಟಿಕೊಂಡು ಬೆನ್ನಿನ ಪಿನ್ನು ಕಿತ್ತೆ. ದೀಪ ಹೋಯಿತು. ರೂಟರನ್ನು ತೋರಿಸಿ, ಹುಳ ಹರಿಯುವ ಹಾಗೆ ಬೆರಳಾಡಿಸಿ, ಇದರಿಂದಲೇ ಸತ್ತವು ಅಂತ ಹೆದರಿದೆ ಅಂತ ಸನ್ನೆ ಮಾಡಿದೆ.

ಅವಳು ನನ್ನ ಕೈಗಳನ್ನೇ ನೋಡಿದಳು. ಎರಡು ಬೆರಳು ಎತ್ತಿದಳು. ಎರಡೂನಾ?

ಹೌದು ಅಂತ ತಲೆ ಆಡಿಸಿದೆ.

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ಬೆನ್ನು ಮಾಡಿದರೆ ಅವಳ ಜೊತೆ ಮಾತಿಗೆ ದಾರಿಯೇ ಇಲ್ಲ. ಕಾದೆ. ತಿರುಗಿದಾಗ ಕಣ್ಣು ತುಂಬಿತ್ತು. ನೇರ ಬಂದು ರೂಟರಿನ ಮೇಲೆ ಕೈಯಿಟ್ಟು, ಹುಬ್ಬೆತ್ತಿ, ಹೆಬ್ಬೆರಳು ಎತ್ತಿ ಕೇಳಿದಳು. ಅಂದರೆ ಇದು ಚೆನ್ನಾಗೇ ಇತ್ತಾ? ನನ್ನನ್ನು ಬೈಯುವುದಕ್ಕೂ ಮೊದಲು ಅವಳಿಗೆ ಬೇಕಾಗಿದ್ದದ್ದು ಅದೊಂದು ಉತ್ತರ.

ತಪ್ಪಾಯಿತು ಅನ್ನುವುದಕ್ಕೆ ನಮ್ಮಿಬ್ಬರ ಸನ್ನೆಗಳಲ್ಲಿ ಏನೂ ಇರಲಿಲ್ಲ. ಅವಳ ಎದುರಿಗೆ, ಕಿಟಕಿಯ ಬೆಳಕು ನನ್ನ ಬಾಯಿಯ ಮೇಲೆ ಬೀಳುವ ಹಾಗೆ ನಿಂತುಕೊಂಡೆ. ಅವಳು ನನ್ನ ತುಟಿ ನೋಡಿದಳು. ಒಂದೊಂದೇ ಮಾತು ಬಿಡಿಸಿ, ಗಟ್ಟಿಯಾಗಿ, ಪಕ್ಕದ ಮನೆಗೆ ಕೇಳಿದರೂ ಕೇಳಲಿ ಅಂತ ಹೇಳಿದೆ.

"ಚೆನ್ನಾಗೇ ಇತ್ತು ಮಣಿ. ನೀನ್ ಆರ್ಸಿದ್ದು ಸರಿಯಾಗೇ ಇತ್ತು. ಹಾಳ್ ಮಾಡ್ದೋನು ನಾನು, ಸುಮ್ನಿದ್ದೋನೂ ನಾನೇ. ತಪ್ಪಾಯ್ತು ಕಣವ್ವ. ನನ್ನಿಂದ ತಪ್ಪಾಯ್ತು."